ಬೀಗ ಹಾಕಿದ ಮನೆಯ ಬಚ್ಚಲ ನೀರು

ಪ್ರಶ್ನೆ: ಡಾಕ್ಟರೇ, ನಾವು ಹುಬ್ಬಳ್ಳಿ ವಿದ್ಯಾನಗರದವರು. ಮಗಳ ಬಾಣಂತನಕ್ಕೆ ಎಲ್ಲರೂ ಪುಣೆಗೆ ಹೋಗಿದ್ದೆವು. ಎರಡು ತಿಂಗಳು ಮನೆಗೆ ಬೀಗ ಹಾಕಿತ್ತು, ನಾಳೆ ವಾಪಸ್ ಹೊರಡುತ್ತೇವೆ. ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಅಂತ ಬ್ಯಾಕ್ಟೀರಿಯಾ ಬೆಳೆಯುತ್ತದೆ ಎಂದು ಅಳಿಯ ಹೇಳಿದರು. ಮಾವನವರಿಗೆ ಎಪ್ಪತ್ತು ದಾಟಿದೆ, ಶುಗರ್ ಇದೆ, ಬೀಡಿ ಬಿಟ್ಟಿಲ್ಲ. ಕುಡಿಯುವ ನೀರಿಗೆ ಫಿಲ್ಟರ್ ಇದೆ, ಜಳಕಕ್ಕೆ ಸೋಲಾರ್ ನೀರು. ಇಷ್ಟು ಸಾಕಲ್ವಾ?

ಉತ್ತರ: ಸಾಲದು, ತಂಗಿ. ಈ ಕಾಯಿಲೆ ಬರುವುದು ಹೆಚ್ಚಾಗಿ ಉಸಿರಿನಿಂದ. ಶವರ್ ಬಿಟ್ಟಾಗ ಏಳುವ ಸಣ್ಣ ಹನಿಗಳು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರು ಒಬ್ಬರ ಹಿಂದೊಬ್ಬರು ಮಲಗಿದಾಗಲೇ ಇದು ಬೆಳಕಿಗೆ ಬಂದದ್ದು.

ಬ್ಯಾಕ್ಟೀರಿಯಾಕ್ಕೆ ಬೇಕಾದದ್ದು ಬೆಚ್ಚಗೆ ನಿಂತ ನೀರು. 25ರಿಂದ 45 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ, 60 ದಾಟಿದರೆ ಸಾಯುತ್ತದೆ. ನಮ್ಮ ಕಡೆ ನಳ ದಿನಾ ಬರುವುದಿಲ್ಲ ಅಂತ ಸಂಪು, ಮಾಳಿಗೆಯ ಟಾಕಿ ಎಲ್ಲ ತುಂಬಿಸಿ ಇಡುತ್ತೇವೆ. ಮಲಪ್ರಭಾ ನೀರಿಗೆ ಹಾಕಿದ ಕ್ಲೋರಿನ್ ನಿಂತಲ್ಲೇ ಕಡಿಮೆಯಾಗುತ್ತದೆ. ಅದರ ಮೇಲೆ ಏಪ್ರಿಲ್ ಬಿಸಿಲು ಬಿದ್ದರೆ ಟಾಕಿ ನೀರು ತಾನೇ ಬೆಚ್ಚಗಾಗುತ್ತದೆ. ನನಗೆ ಜಾಸ್ತಿ ಚಿಂತೆ ನಿಮ್ಮ ಸೋಲಾರಿನದು. ಒಳ್ಳೆಯ ಬಿಸಿಲಿದ್ದಾಗ ನೀರು ಸುಡುತ್ತದೆ, ಸರಿ. ಆಷಾಢದ ಮೋಡ ಕವಿದರೆ ಉಗುರುಬೆಚ್ಚಗೆ ನಿಂತುಬಿಡುತ್ತದೆ. ಅಂಥ ದಿನ ಒಳಗಿನ ಕಾಯಿಲ್ ಹಾಕಿ 60 ಡಿಗ್ರಿಗೆ ಕಾಯಿಸಿ. ಕರೆಂಟ್ ಬಿಲ್ ಉಳಿಸಲು ಗೀಸರ್ 40ಕ್ಕೆ ಇಡುವವರಿಗೂ ಇದೇ ಮಾತು.

ಊರಿಗೆ ಬಂದ ಕೂಡಲೇ ಹಳೆ ನೀರನ್ನೆಲ್ಲ ಖಾಲಿ ಮಾಡಿ, ಟಾಕಿ ತಿಕ್ಕಿ ತೊಳೆಯಿರಿ. ಶವರ್ ತಲೆ ಬಿಚ್ಚಿ ಒಳಗೆ ಬೆರಳಾಡಿಸಿ ನೋಡಿ. ಕೈಗೆ ಜಾರುವ ಲೋಳೆ, ಬಿಳಿ ಸುಣ್ಣದ ಪದರ ಇರುತ್ತದೆ. ಆ ಲೋಳೆಯೇ ಇದರ ಮನೆ. ಅದನ್ನು ವಿನೆಗರಿನಲ್ಲಿ ನೆನೆಸಿಟ್ಟು ಬ್ರಷ್ಷಿನಿಂದ ಉಜ್ಜಿ. ಆಮೇಲೆ ಪ್ರತಿ ನಳವನ್ನೂ ಸಣ್ಣಗೆ ಬಿಟ್ಟು, ನೀರು ಸಿಡಿಯದಂತೆ ಐದಾರು ನಿಮಿಷ ಹರಿಯಲಿ. ಯಾರೂ ಬಳಸದ ಬಚ್ಚಲು ಇದ್ದರೆ ಅಲ್ಲಿಯ ನಳವನ್ನೂ ಮರೆಯದೆ ಹೀಗೇ ಹರಿಸಿ. ಕಿಟಕಿ ತೆರೆದಿಡಿ, ಮಾವನವರು ಆ ಹೊತ್ತಿಗೆ ಹೊರಗೆ ಕೂತಿರಲಿ. ಮುಂದೆಯೂ ವಾರಕ್ಕೊಮ್ಮೆ ಆ ನಳ ಬಿಡಿ.

ಅವರಿಗೆ ಸದ್ಯಕ್ಕೆ ಶವರ್ ಬೇಡ. ಬಕೆಟ್, ಚರಿಗೆ ಸಾಕು, ಹನಿ ಏಳುವುದೂ ಕಡಿಮೆ. ಆದರೆ ಬಕೆಟ್ಟಿಗೆ ಮೊದಲು ತಣ್ಣೀರು ಹಾಕಿ, ಆಮೇಲೆ ಬಿಸಿನೀರು. ಶುಗರ್ ಇದ್ದವರ ಕಾಲಿಗೆ ಎಷ್ಟೋ ಸಲ ಸುಟ್ಟದ್ದೇ ಗೊತ್ತಾಗುವುದಿಲ್ಲ. ಬೀಡಿಯನ್ನಂತೂ ಬಿಡಿಸಲೇಬೇಕು.

ಬಂದ ಎರಡು ವಾರದೊಳಗೆ ಅವರಿಗೆ ಜ್ವರ, ಕೆಮ್ಮು, ಏದುಸಿರು ಬಂದರೆ ಸುಮ್ನೆ ಮನೆಮದ್ದು ಮಾಡುತ್ತ ಕೂರಬೇಡಿ. ಆಸ್ಪತ್ರೆಯಲ್ಲಿ ಮನೆ ಬೀಗ ಹಾಕಿದ್ದ ಸಂಗತಿಯನ್ನೂ ಹೇಳಿ. ಪೆನಿಸಿಲಿನ್ ಜಾತಿಯ ಔಷಧ ಇದಕ್ಕೆ ನಾಟುವುದಿಲ್ಲ, ಬೇರೆ ಆಂಟಿಬಯಾಟಿಕ್ ಕೊಡಬೇಕಾಗುತ್ತದೆ. ಮೂತ್ರ ಪರೀಕ್ಷೆಯಿಂದ ಕಾಯಿಲೆ ಪತ್ತೆಹಚ್ಚಬಹುದು.