ಮನೆಯಲ್ಲಿ ಚಟ್ನಿಪುಡಿ ಮಾಡಿ ಮಾರಲು ಹೊರಟಿದ್ದೇನೆ. ಮೊದಲ ಭೇಟಿಯಲ್ಲೇ ಅಂಗಡಿಯವರಿಗೆ ನಂಬಿಕೆ ಬರಬೇಕಾದರೆ ಏನು ಮಾಡಬೇಕು?

ಮೊದಲು ಹೋಗುವ ಹೊತ್ತು ನೋಡಿಕೊಳ್ಳಿ. ಬೆಳಗ್ಗೆ ಹಾಲು, ಬ್ರೆಡ್ಡಿಗೆ ಜನ ನಿಂತಿರುವಾಗ ಬೇಡ. ಸಂಜೆಯೂ ಬೇಡ. ಮಧ್ಯಾಹ್ನ ಸ್ವಲ್ಪ ಬಿಡುವಿರುತ್ತದೆ. ಮಾತಿನ ನಡುವೆ ಗಿರಾಕಿ ಬಂದರೆ ನೀವೇ ಪಕ್ಕಕ್ಕೆ ಸರಿದು ನಿಲ್ಲಿ.

ಪೊಟ್ಟಣ ಕೈಗೆ ಕೊಟ್ಟ ತಕ್ಷಣ ಅನುಭವಸ್ಥ ಅಂಗಡಿಯವರು ಅದನ್ನು ಹಿಂದೆ ತಿರುಗಿಸಿ ನೋಡುತ್ತಾರೆ. 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ (ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯದು), ತಯಾರಾದ ದಿನ, ಎಲ್ಲಿವರೆಗೆ ಬಳಸಬಹುದು, ತೂಕ, ಎಂಆರ್‌ಪಿ, ನಿಮ್ಮ ವಿಳಾಸ ಎಲ್ಲ ಅಲ್ಲಿರಬೇಕು. ಇವಿಲ್ಲದೆ ಎಷ್ಟು ಚೆನ್ನಾಗಿ ಮಾತಾಡಿದರೂ ಸುಮ್ನೆ. ಪೊಟ್ಟಣದ ಮೂಲೆಗಳನ್ನು ಬೆರಳಿನಿಂದ ಒತ್ತಿ ನೋಡಿಕೊಂಡು ಹೋಗಿ. ಶೇಂಗಾ, ಕೊಬ್ಬರಿ ಹಾಕಿದ ಪುಡಿ ಎಣ್ಣೆ ಬಿಡುತ್ತದೆ. ಸೀಲ್ ಸರಿ ಇಲ್ಲದಿದ್ದರೆ ಅಂಚಿನಲ್ಲಿ ಜಿಡ್ಡು ಜಿನುಗಿ ಅವರ ಬೆರಳಿಗೆ ಅಂಟುತ್ತದೆ. ಒಮ್ಮೆ ಅಂಟಿತೋ, ಆ ಅಂಗಡಿಯ ಬಾಗಿಲು ಮತ್ತೆ ತೆರೆಯುವುದು ಬಹಳ ಕಷ್ಟ.

ಒಂದು ಪೊಟ್ಟಣವನ್ನು ಅಲ್ಲೇ ಬಿಚ್ಚಿ ಕೊಡಿ. ಹುರಿದ ಕರಿಬೇವಿನ ಘಮ ಮೂಗಿಗೆ ಬಡಿದರೆ ನೀವು ಹೆಚ್ಚು ವಿವರಿಸಬೇಕಾಗಿಲ್ಲ, ಅಲ್ವಾ?

‘ನಂಗೆಷ್ಟು ಉಳಿಯುತ್ತೆ? ಹೋಗದಿದ್ದರೆ ವಾಪಸ್ ತಗೋತೀರಾ?’ ಈ ಎರಡನ್ನೂ ಕೇಳಿಯೇ ಕೇಳುತ್ತಾರೆ. ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿ. ಗೊತ್ತಿಲ್ಲದ್ದಕ್ಕೆ ಬಾಯಿಗೆ ಬಂದ ದರ ಹೇಳಬೇಡಿ, ‘ನಾಳೆ ಹೇಳ್ತೀನಿ ಅಣ್ಣ’ ಎನ್ನಿ. ಮರುದಿನ ಮರೆಯದೆ ಫೋನ್ ಮಾಡಿ.

ಐದೇ ಪೊಟ್ಟಣ ಸಾಕು ಎಂದರೂ ಬೇಜಾರಾಗಬೇಡಿ. ಕೈಬರಹದಲ್ಲಾದರೂ ಬಿಲ್ ಕೊಡಿ. ಶುಕ್ರವಾರ ಬರ್ತೀನಿ ಎಂದಿದ್ದರೆ ಶುಕ್ರವಾರವೇ ಹೋಗಿ.