"ಬಾಸ್ ನನ್ನ ರಿಪ್ ಅಪಾರ್ಟ್ ಮಾಡ್ತಾರೆ ಮೇಡಂ"

ಸೇಲ್ಸ್ ಕೆಲಸದ ಹುಡುಗ, ಮೂವತ್ತರ ಒಳಗೆ, ಬೆಂಗಳೂರಲ್ಲಿ ಪಿಜಿಲಿ ಇರೋದು (ಗುರುತು ಸಿಗೋ ವಿವರ ಎಲ್ಲ ಬದಲಾಯ್ಸಿದೀನಿ). ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದಿದ್ದು ನಿದ್ದೆ ಬರ್ತಿಲ್ಲ ಅಂತ, ಭಾನುವಾರ ಸಂಜೆ ಆಗ್ತಿದ್ದಂಗೆ ಹೊಟ್ಟೆ ತೊಳಸತ್ತಂತೆ. ಯಾಕೆ ಅಂದ್ರೆ "ಸೋಮವಾರ ರಿವ್ಯೂ ಮೇಡಂ, ಬಾಸ್ ರಿಪ್ ಅಪಾರ್ಟ್ ಮಾಡ್ತಾರೆ" (ಹಿಗ್ಗಾಮುಗ್ಗಾ ಬೈತಾರೆ ಅನ್ನೋ ಅರ್ಥದಲ್ಲಿ) ಅಂತ ಹೇಳಿ ನಕ್ಕ. ಆ ನಗು ಯಾಕೋ ಸರಿ ಅನ್ನಿಸ್ಲಿಲ್ಲ.

ಮನೇಲೂ ಫ್ರೆಂಡ್ಸ್ ಹತ್ರನೂ ಇದೇ ಮಾತು ಹೇಳಿದಾನೆ. ಅಮ್ಮ "ಬೈಸ್ಕೊಳ್ದೆ ಯಾರು ಕೆಲ್ಸ ಕಲ್ತಿದಾರೆ" ಅಂದ್ರಂತೆ, ಫ್ರೆಂಡ್ಸು "ನಮ್ಗೂ ದಿನಾ ಮಂಗಳಾರತಿನೇ ಬಿಡೋ ಮಗಾ" ಅಂದ್ರು, ಮುಗೀತು.

ನಾನಂದೆ, ಆ ರೂಮಲ್ಲಿ ಸಿಸಿಟಿವಿ ಇದ್ದಿದ್ರೆ ಏನ್ ಕಾಣ್ತಿತ್ತೋ ಅಷ್ಟೇ ಹೇಳಿ. ಆಗ ಒಂದೊಂದೇ ಬಂತು. ಎರಡು ಡೀಲರ್‌ಗಳ ಲೆಕ್ಕ ಅದಲು ಬದಲು ಮಾಡಿದ್ದಕ್ಕೆ ಬೈದಿದ್ದು, ಟಾರ್ಗೆಟ್ ಆಗ್ಲಿಲ್ಲ ಅಂತ ಎಲ್ರ ಮುಂದೆ ನಿಲ್ಲಿಸಿದ್ದು, ಅಪ್ಪನ್ನ ಎತ್ತಿ ಆಡಿದ್ದು, ಆಮೇಲೆ ಅವ್ನು ತಲೆ ಬಗ್ಗಿಸ್ಕೊಂಡು ಹೇಳಿದ್ದು, ಬಾಸ್ ಬಾಕ್ಸ್ ಫೈಲ್ ತಗೊಂಡು ಕೆನ್ನೆಗೆ ಬಾರಿಸಿದ್ದು. ಫೈಲಿನ ತಗಡಿನ ಅಂಚು ಕಿವಿ ಹತ್ರ ಗೀರಿತ್ತು, ಪಿಜಿಲಿ ಕೇಳಿದವ್ರಿಗೆ ಶೇವಿಂಗ್ ಮಾಡ್ವಾಗ ಆಯ್ತು ಅಂದಿದ್ನಂತೆ.

ಲೆಕ್ಕ ತಪ್ಪಿದ್ದಕ್ಕೆ ಬೈದ್ರೆ ಅದು ಕೆಲಸದ ಮಾತು, ಕಹಿ ಆದ್ರೂ ನುಂಗ್ಬೇಕು, ಅದನ್ನ ನೇರವಾಗೇ ಹೇಳ್ದೆ. ಜೋರಾಗಿ ಮಾತಾಡಿದ ಮ್ಯಾನೇಜರ್‌ಗಳೆಲ್ಲ ದೌರ್ಜನ್ಯ ಮಾಡ್ತಾರೆ ಅಂತ ನಾನೇನ್ ಒಪ್ಪಲ್ಲ. ಆದ್ರೆ ಕೈ ಮಾಡಿದ್ದು ಬೈಗುಳದ ಮುಂದುವರಿದ ಭಾಗ ಅಲ್ಲ, ಅದು ಹಲ್ಲೆ. 2024ರ ಜುಲೈ 1ರಿಂದ ಜಾರಿಲಿರೋ ಭಾರತೀಯ ನ್ಯಾಯ ಸಂಹಿತೆ 115(2)ರ ಪ್ರಕಾರ ಬೇಕಂತ ನೋವು ಮಾಡಿದ್ರೆ ಒಂದು ವರ್ಷದವರೆಗೆ ಜೈಲು, ಇಲ್ಲ 10,000 ರೂಪಾಯಿವರೆಗೆ ದಂಡ, ಎರಡೂ ಆಗ್ಬಹುದು. ಸ್ಟೇಷನ್‌ಗೆ ಹೋದ ತಕ್ಷಣ ಅರೆಸ್ಟ್ ಆಗತ್ತೆ ಅನ್ಕೋಬೇಡಿ ಅಂತನೂ ಹೇಳ್ದೆ, ಈ ಸೆಕ್ಷನ್ ಅಸಂಜ್ಞೇಯ, ಅಂದ್ರೆ ವಾರೆಂಟ್ ಇಲ್ದೆ ಪೊಲೀಸರು ಅರೆಸ್ಟ್ ಮಾಡೋಹಾಗಿಲ್ಲ, ಸಾಮಾನ್ಯವಾಗಿ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ದೂರಿನ ದಾಖಲೆ) ಮಾಡ್ಕೋತಾರೆ, ತನಿಖೆಗೆ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು.

ಕೊಟ್ಟ ಸಲಹೆ ಇಷ್ಟು. ಮೊದ್ಲು ಆ ದಿನದ್ದು ಬರೆದಿಡಿ, ತಾರೀಖು, ಯಾರ್ಯಾರಿದ್ರು, ಏನ್ ಮಾತು ಬಂತೋ ಅದೇ ಮಾತು. ಗಾಯದ ಫೋಟೋ ವಾಟ್ಸಾಪಲ್ಲಿ ಫ್ರೆಂಡಿಗೆ ಕಳ್ಸಿದ್ದು ಸಿಕ್ತು, ಅದನ್ನ ಡಿಲೀಟ್ ಮಾಡ್ಬೇಡಿ ಅಂದೆ. ಎಚ್‌ಆರ್‌ಗೆ ಹೇಳೋದು ಬಾಯಲ್ಲಿ ಬೇಡ, ಮೇಲ್ ಹಾಕಿ, ಅದ್ರಲ್ಲಿ "ರಿಪ್ ಅಪಾರ್ಟ್" "ಹರಾಸ್‌ಮೆಂಟ್" ಅಂತೆಲ್ಲ ಬೇಡ, "ಫೈಲಿಂದ ನನ್ನ ಎಡಗೆನ್ನೆಗೆ ಹೊಡೆದ್ರು" ಅಂತ ಬರೀರಿ, ಒಂದು ಕಾಪಿ ಪರ್ಸನಲ್ ಮೇಲಲ್ಲಿ ಇರ್ಲಿ. ರಾತ್ರಿ ತುಂಬಾ ಕಷ್ಟ ಆದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆ, ಫ್ರೀ, ಕನ್ನಡದಲ್ಲೇ ಮಾತಾಡ್ಬಹುದು. ಮನೇಲಿ ಒಬ್ರಿಗಾದ್ರೂ ನಡೆದಿದ್ದು ನಡೆದಂಗೇ ಹೇಳ್ಬೇಕು.

ಅಮ್ಮನಿಗೆ ಹೇಳಕ್ಕೆ ಆಗಲ್ಲ ಅಂದ, ಅಕ್ಕನಿಗೆ ಅವತ್ತೇ ಫೋನ್ ಮಾಡ್ದ. ಮೇಲ್ ಹೋಗಿದೆ, ಎಚ್‌ಆರ್‌ನವರು ಮೀಟಿಂಗ್‌ಗೆ ಕರೆದಿದಾರೆ, ಪೊಲೀಸ್ ಕಂಪ್ಲೇಂಟ್ ಬೇಕಾ ಬೇಡ್ವಾ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ, ಮುಂದಿನ ಸಲ ಅಕ್ಕನೂ ಜೊತೆಗೆ ಬರ್ತಾರೆ.