ಸಂಪಾದಕರ ಉತ್ತರ: ಮನೆಯ ಗಳಿಕೆಯನ್ನು ಸರಕಾರ ಅಳೆದಿಲ್ಲ

ಹುಬ್ಬಳ್ಳಿಯ ವಿದ್ಯಾನಗರದಿಂದ ಬ್ಯಾಂಕ್ ಅಧಿಕಾರಿಯೊಬ್ಬರು ಬರೆದಿದ್ದಾರೆ: “ಬಜೆಟ್ ಬಂದಾಗೆಲ್ಲ ಮಧ್ಯಮ ವರ್ಗದ ಹೆಸರು ಕೇಳುತ್ತೇವೆ. ಆ ವರ್ಗದಲ್ಲಿ ಯಾರಿದ್ದಾರೆ, ಎಷ್ಟು ಮಂದಿ ಇದ್ದಾರೆ, ಸರಕಾರದ ಅಂಕಿಯಿಂದಲೇ ಹೇಳಿ. ನನ್ನ ಪಗಾರ ತಿಂಗಳಿಗೆ 1.20 ಲಕ್ಷ. ಮನೆಯಲ್ಲಿ ನಾಲ್ವರು. ಮನೆ ಸಾಲದ ಕಂತು, ಮಕ್ಕಳ ಫೀ ಹೋದರೆ ಕೈಯಲ್ಲಿ ಉಳಿಯುವುದಿಲ್ಲ. ನೂರರಲ್ಲಿ ಇಬ್ಬರು ತೆರಿಗೆ ಕಟ್ಟಿ ತೊಂಬತ್ತೆಂಟು ಮಂದಿಯನ್ನು ಸಾಕುತ್ತಿದ್ದೇವೆ. ಈಗ ಆದಾಯ ಸಮೀಕ್ಷೆ ಬೇರೆ ಬರುತ್ತದಂತೆ. ಅವರಿಗೆ ನಿಜ ಹೇಳಬೇಕೇ?”

ಮಾನ್ಯರೇ, ನಮಸ್ಕಾರ.

ಭಾರತ ಸರಕಾರದ ಯಾವ ಕಡತದಲ್ಲೂ ಮಧ್ಯಮ ವರ್ಗದ ಎಣಿಕೆ ಇಲ್ಲ. ಹಳ್ಳಿ, ಪಟ್ಟಣ ಎರಡನ್ನೂ ಸೇರಿಸಿ ಇಡೀ ದೇಶದ ಮನೆಗಳ ಆದಾಯವನ್ನು ಸರಿಯಾಗಿ ಅಳೆಯುವ ಕೆಲಸವನ್ನೇ ಸರಕಾರ ಈತನಕ ಮಾಡಿ ಮುಗಿಸಿಲ್ಲ. 1950 ಮತ್ತು 60ರ ದಶಕಗಳಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಪ್ರಯತ್ನಪಟ್ಟರು. 1983-84ರಲ್ಲಿ ಪ್ರಾಯೋಗಿಕವಾಗಿ ಮತ್ತೊಮ್ಮೆ ನೋಡಿದರು. ಮಂದಿ ಹೇಳಿಕೊಂಡ ಆದಾಯ ಅವರ ಖರ್ಚು, ಉಳಿತಾಯಗಳ ಮೊತ್ತಕ್ಕಿಂತ ಕಡಿಮೆ ಬಂತು. ಕೆಲಸ ಅಲ್ಲಿಗೇ ನಿಂತಿತು.

ಈಗ ಇರುವುದು ಒಂದೊಂದು ಇಲಾಖೆ ತನ್ನ ಕೆಲಸಕ್ಕೆಂದು ಎಳೆದುಕೊಂಡ ಗೆರೆಗಳು ಮಾತ್ರ. ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ಆದಾಯ ವರ್ಷಕ್ಕೆ 1.20 ಲಕ್ಷ ದಾಟಬಾರದು. ಅಂದರೆ ನಿಮ್ಮ ಒಂದು ತಿಂಗಳ ಪಗಾರ. ಕೇಂದ್ರದ ಲೆಕ್ಕದಲ್ಲಿ ಹಿಂದುಳಿದ ವರ್ಗದ ಮನೆಯ ಆದಾಯ, ಪಗಾರ ಮತ್ತು ಕೃಷಿ ಆದಾಯ ಬಿಟ್ಟು, 8 ಲಕ್ಷ ದಾಟಿದರೆ ಅದು ಕೆನೆಪದರ, ಮೀಸಲಾತಿ ಸಿಗದು. ಮೀಸಲಾತಿ ಇಲ್ಲದ ಜಾತಿಗಳಲ್ಲಿ ಎಲ್ಲ ಆದಾಯ ಸೇರಿ ಅದೇ 8 ಲಕ್ಷದ ಒಳಗಿದ್ದರೆ ಆರ್ಥಿಕವಾಗಿ ದುರ್ಬಲ. 2025ರ ಬಜೆಟ್ ಪ್ರಕಾರ, ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆಯೇ ಇಲ್ಲ, ಪಗಾರದವರಿಗೆ 12.75 ಲಕ್ಷದವರೆಗೆ. ಇದರಲ್ಲಿ ಬಿಪಿಎಲ್ ಮಿತಿ ಕುಟುಂಬಕ್ಕೆ, ತೆರಿಗೆ ಮಿತಿ ಒಬ್ಬೊಬ್ಬ ವ್ಯಕ್ತಿಗೆ. ಗಂಡ ಹೆಂಡತಿ ಇಬ್ಬರೂ ತಲಾ 12 ಲಕ್ಷ ಗಳಿಸುವ ಮನೆ ಆದಾಯ ತೆರಿಗೆ ಕಟ್ಟಬೇಕಿಲ್ಲ. ಒಬ್ಬರೇ ದುಡಿದು 14.40 ಲಕ್ಷ ತರುವ ನಿಮ್ಮ ಮನೆ ಕಟ್ಟಬೇಕು. ಬೇರೆ ಆದಾಯ ಇಲ್ಲವೆಂದು ಹಿಡಿದರೆ ಹೊಸ ಪದ್ಧತಿಯಲ್ಲಿ ನಿಮ್ಮ ತೆರಿಗೆ, ಸೆಸ್ ಸೇರಿ, ವರ್ಷಕ್ಕೆ 88,140 ರೂಪಾಯಿ. ಪಗಾರದ ಶೇ. 6ರಷ್ಟು.

ಇನ್ನು ನಿಮ್ಮ ‘ನೂರರಲ್ಲಿ ಇಬ್ಬರು’. ಗಣಿತ ತಪ್ಪಿಲ್ಲ. 2022-23ರಲ್ಲಿ 7.40 ಕೋಟಿ ಮಂದಿ ರಿಟರ್ನ್ ಸಲ್ಲಿಸಿದರು, ಅವರಲ್ಲಿ 5.16 ಕೋಟಿ ಮಂದಿಯ ತೆರಿಗೆ ಶೂನ್ಯ. ಉಳಿದವರು 2.24 ಕೋಟಿ. ಅದನ್ನು 140 ಕೋಟಿಗೆ ಭಾಗಿಸಿದರೆ ನೂರಕ್ಕೆ ಎರಡರ ಹತ್ತಿರ ಬರುತ್ತದೆ. ಆದರೆ ಆ 140 ಕೋಟಿಯಲ್ಲಿ ತೊಟ್ಟಿಲ ಕೂಸಿದೆ, ನಿಮ್ಮ ಇಬ್ಬರು ಮಕ್ಕಳಿದ್ದಾರೆ, ನಿಮ್ಮ ಮನೆಯವರಿದ್ದಾರೆ. ನೀವು ಕಟ್ಟಿದ ತೆರಿಗೆ ನಾಲ್ವರ ಮನೆಯ ತೆರಿಗೆ. ಆದರೂ ಆ ಲೆಕ್ಕ ನಿಮ್ಮ ಮಕ್ಕಳನ್ನೂ ನೀವು ಸಾಕುತ್ತಿರುವ ಆ ತೊಂಬತ್ತೆಂಟರಲ್ಲಿ ಸೇರಿಸುತ್ತದೆ. 2011ರ ಜನಗಣತಿಯಲ್ಲೇ ದೇಶದಲ್ಲಿ ಸುಮಾರು 25 ಕೋಟಿ ಮನೆಗಳಿದ್ದವು. ಭಾಗಿಸಬೇಕಾದದ್ದು ಮನೆಗಳ ಸಂಖ್ಯೆಯಿಂದ.

ಅದಕ್ಕಿಂತ ಮುಖ್ಯವಾದ ಮಾತು, ಆದಾಯ ತೆರಿಗೆ ಕಟ್ಟದವರು ತೆರಿಗೆಯನ್ನೇ ಕಟ್ಟುವುದಿಲ್ಲ ಎಂಬುದು ನಿಜವಲ್ಲ. 2023-24ರಲ್ಲಿ ವೈಯಕ್ತಿಕ ಆದಾಯ ತೆರಿಗೆಯಿಂದ ನಿವ್ವಳ 10.44 ಲಕ್ಷ ಕೋಟಿ ಬಂತು. ಅದೇ ವರ್ಷ ಜಿಎಸ್‌ಟಿಯಿಂದ ಬಂದದ್ದು ನಿವ್ವಳ 18 ಲಕ್ಷ ಕೋಟಿ. ಹುಬ್ಬಳ್ಳಿಯ ದುರ್ಗದಬೈಲು ಪೇಟೆಯಲ್ಲಿ ಸೋಪು, ಚಪ್ಪಲಿ, ಮಕ್ಕಳ ಅಂಗಿ ಕೊಳ್ಳುವ ಹಮಾಲನಿಗೂ ನಿಮಗೂ ಒಂದೇ ದರ. ಪೆಟ್ರೋಲಿನ ಮೇಲೆ ರಾಜ್ಯದ ಮಾರಾಟ ತೆರಿಗೆ ಶೇ. 29.84, ಕೇಂದ್ರದ ಅಬಕಾರಿ ಸುಂಕ ಬೇರೆ. ನವಲಗುಂದದಿಂದ ಹಳೇ ಬೈಕಿನಲ್ಲಿ ಹುಬ್ಬಳ್ಳಿಗೆ ಗೌಂಡಿ ಕೆಲಸಕ್ಕೆ ಬರುವ ಹುಡುಗ ಅದನ್ನು ದಿನಾಲೂ ಕಟ್ಟುತ್ತಾನೆ. ಅವನ ಹೆಸರು ಯಾವ ರಿಟರ್ನಿನಲ್ಲೂ ಇರುವುದಿಲ್ಲ.

ಆದಾಯದ ಲೆಕ್ಕ ಇಲ್ಲದ ಕಾರಣ ಸರಕಾರ ಖರ್ಚನ್ನು ಅಳೆಯುತ್ತದೆ. ಅದರಲ್ಲೂ ಹನ್ನೊಂದು ವರ್ಷದ ತೂತಿದೆ. 2011-12ರ ನಂತರ 2017-18ರಲ್ಲಿ ನಡೆದ ಸಮೀಕ್ಷೆಯ ವರದಿಯನ್ನು ಸರಕಾರ ಬಿಡುಗಡೆಯನ್ನೇ ಮಾಡಲಿಲ್ಲ. ಬಳಕೆಗೆ ಸಿಕ್ಕ ಮುಂದಿನ ಅಂಕಿ 2022-23ರದು, ಆಮೇಲೆ 2023-24ರದು. ಈ ಕೊನೆಯದರ ಪ್ರಕಾರ ಒಬ್ಬ ವ್ಯಕ್ತಿಯ ತಿಂಗಳ ಖರ್ಚು ದೇಶದ ಹಳ್ಳಿಗಳಲ್ಲಿ ಸರಾಸರಿ 4,122 ರೂಪಾಯಿ, ಪಟ್ಟಣಗಳಲ್ಲಿ 6,996 ರೂಪಾಯಿ. ಪಟ್ಟಣದ ನಾಲ್ವರ ಮನೆಗೆ ಸುಮಾರು 28 ಸಾವಿರ. ಸಾಲದ ಕಂತು ಬಿಟ್ಟು ನಿಮ್ಮ ಮನೆಯ ಖರ್ಚು 60 ಸಾವಿರ ಎಂದುಕೊಂಡರೂ ತಲೆಗೆ 15 ಸಾವಿರ ಆಯಿತು, ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚು. ಸರಕಾರದ ಅಂಕಿ ಬೇಕೆಂದಿರಿ, ಆ ಅಂಕಿಯಲ್ಲಿ ನೀವು ನಡುವೆ ಇಲ್ಲ. ಮೇಲಿನ ತುದಿಗೆ ಹತ್ತಿರ ಇದ್ದೀರಿ.

ಇದನ್ನು ಓದಿ ನಿಮಗೆ ಬೇಸರವಾಗಬಹುದು. ನಿಮ್ಮ ಕಷ್ಟ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಖರ್ಚಿನ ಸಮೀಕ್ಷೆ ಸಾಲದ ಕಂತನ್ನು ಖರ್ಚೆಂದು ಹಿಡಿಯುವುದಿಲ್ಲ. ನಿಮ್ಮ ಪಗಾರದ ದೊಡ್ಡ ಪಾಲು ಅಲ್ಲೇ ಹೋಗುತ್ತದೆ, ಲೆಕ್ಕಕ್ಕೆ ಕಾಣುವುದಿಲ್ಲ. ಜತೆಗೆ ನಿಮಗಿಂತ ಎಷ್ಟೋ ಮೇಲಿರುವವರೂ ಇದರಲ್ಲಿ ಸರಿಯಾಗಿ ಸಿಗುವುದಿಲ್ಲ. ಬಂಗಲೆಯ ಗೇಟು ದಾಟಿ ಒಳಗೆ ಹೋಗಿ ತಾಸುಗಟ್ಟಲೆ ಪ್ರಶ್ನೆ ಕೇಳುವುದು ಸಮೀಕ್ಷೆಯವರಿಗೆ ಸುಲಭವಲ್ಲ. ತುದಿಯಲ್ಲಿರುವವರು ಕಾಣದೇ ಹೋದಾಗ ನಿಮ್ಮಂಥವರೇ ತುದಿಯಲ್ಲಿ ಇರುವಂತೆ ಕಾಣುತ್ತದೆ.

ಆದಾಯ ಅಳೆಯುವುದು ಯಾಕೆ ಇಷ್ಟು ಕಷ್ಟ ಎಂಬುದು ಬ್ಯಾಂಕಿನಲ್ಲಿ ಕೂತವರಿಗಿಂತ ನಮ್ಮ ಹಳ್ಳಿಯ ಮಂದಿಗೆ ಚೆನ್ನಾಗಿ ಗೊತ್ತು. ಗದಗ ಜಿಲ್ಲೆಯಲ್ಲಿ ನನಗೆ ಪರಿಚಯದ ಒಂದು ಮನೆ ಇದೆ. ಆರು ಎಕರೆ ಎರಿ ಹೊಲ, ಅಜ್ಜನ ಹೆಸರಿನಲ್ಲಿದೆ. ಮುಂಗಾರಿಗೆ ಉಳ್ಳಾಗಡ್ಡಿ, ಮೆಣಸಿನಕಾಯಿ, ಹಿಂಗಾರಿಗೆ ಕಡಲಿ, ಜೋಳ. ಪಕ್ಕದ ಮೂರು ಎಕರೆ ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಾರೆ. ದೊಡ್ಡ ಮಗ ಗದಗಿನಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ, ಸೊಸೆ ಹೊಲಿಗೆ ಹಾಕುತ್ತಾಳೆ. ಮುದುಕಿಗೆ ತಿಂಗಳಿಗೆ ಸಂಧ್ಯಾ ಸುರಕ್ಷಾ ಪಿಂಚಣಿಯ 1,200, ಮನೆಯೊಡತಿಗೆ ಗೃಹಲಕ್ಷ್ಮಿಯ 2,000. ಈ ಮನೆಯ ಆದಾಯ ಎಷ್ಟು? ಉಳ್ಳಾಗಡ್ಡಿಯನ್ನು ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಮಾರುಕಟ್ಟೆಗೆ ಹಾಕಿದಾಗ ಅಡತಿ (ದಲಾಲಿ) ಅಂಗಡಿಯವರು ಕೊಡುವ ಪಟ್ಟಿಯಲ್ಲಿ ತೂಕ, ದರ, ಹಮಾಲಿ, ಲಾರಿ ಬಾಡಿಗೆ ಎಲ್ಲ ಇರುತ್ತದೆ. ಬೀಜ, ಗೊಬ್ಬರ, ಕಳೆ ತೆಗೆದ ಆಳಿನ ಕೂಲಿ ಇರುವುದಿಲ್ಲ. ಮನೆಯಲ್ಲೇ ಉಂಡ ಜೋಳಕ್ಕೆ ಬೆಲೆ ಕಟ್ಟಿದವರಿಲ್ಲ. ಮೆಣಸಿನಕಾಯಿಗೆ ಒಂದು ವರ್ಷ ಇದ್ದ ದರ ಮರುವರ್ಷ ಇರುವುದಿಲ್ಲ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ಸಿಟ್ಟು ಬೆಂಕಿಯಾಗಿ ವಾಹನಗಳು ಸುಟ್ಟದ್ದು ನಿಮಗೆ ನೆನಪಿರಬೇಕು. ಆ ವರ್ಷದ ಆದಾಯ ಬರೆಯಬೇಕೋ, ಹಿಂದಿನ ವರ್ಷದ್ದೋ?

ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕ್ ನಬಾರ್ಡ್ ಇದನ್ನೆಲ್ಲ ಕೂಡಿಸಿ ಕಳೆದು, 2021-22ರಲ್ಲಿ ಗ್ರಾಮೀಣ ಮನೆಯೊಂದರ ಸರಾಸರಿ ಆದಾಯ ತಿಂಗಳಿಗೆ 12,698 ರೂಪಾಯಿ ಎಂದು ಹೇಳಿತು. ಇದು ಒಬ್ಬರದಲ್ಲ, ಇಡೀ ಮನೆಯದು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ ಎಂದು ಅನೇಕ ಓದುಗರು ಸಿಟ್ಟಿನಿಂದ ಬರೆಯುತ್ತಾರೆ. ನೂರಾರು ಎಕರೆಯ ದೊಡ್ಡ ಕುಳಗಳ ವಿಷಯಕ್ಕೆ ಆ ಸಿಟ್ಟು ಸರಿ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಸರಾಸರಿ ರೈತನ ಮನೆಗೆ ನಾಳೆಯೇ ತೆರಿಗೆ ಹಾಕಿದರೂ ಬರುವುದು ಶೂನ್ಯ.

ಕಣ್ಣಿಗೆ ಬಿದ್ದ ದುಡ್ಡನ್ನೇ ಆದಾಯ ಎಂದುಕೊಂಡರೆ ಏನಾಗುತ್ತದೆ ಎಂಬುದನ್ನು ಹಾವೇರಿ 2025ರ ಜುಲೈನಲ್ಲಿ ನೋಡಿತು. ಅಲ್ಲಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ 29 ಲಕ್ಷ ಜಿಎಸ್‌ಟಿ ಕಟ್ಟಿ ಎಂಬ ನೋಟಿಸ್ ಬಂತು. ನಾಲ್ಕು ವರ್ಷದಲ್ಲಿ ಅವರ ಯುಪಿಐಗೆ ಬಂದದ್ದು 1.63 ಕೋಟಿ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ರೈತರಿಂದ ಮಾಲು ಕೊಂಡ ದುಡ್ಡೂ ಅದರೊಳಗೇ ಇತ್ತು. ಕ್ಯೂಆರ್ ಹಲಗೆ ತೆಗೆದು ‘ನಗದು ಮಾತ್ರ’ ಎಂದು ಅಂಗಡಿಗಳು ಬರೆದುಕೊಂಡವು. ಅಷ್ಟರ ಮಟ್ಟಿಗೆ ಲೆಕ್ಕ ಮತ್ತೆ ಕತ್ತಲಿಗೆ ಹೋಯಿತು.

ನಿಮ್ಮ ಸಿಟ್ಟಿನಲ್ಲಿ ಸತ್ಯ ಇರುವ ಜಾಗವನ್ನೂ ಹೇಳಬೇಕು. 2023-24ರಲ್ಲಿ ವ್ಯಕ್ತಿಗಳು ಕಟ್ಟಿದ್ದು 10.44 ಲಕ್ಷ ಕೋಟಿ, ಕಂಪನಿಗಳು ಕಟ್ಟಿದ್ದು 9.11 ಲಕ್ಷ ಕೋಟಿ. 2019ರ ಸೆಪ್ಟೆಂಬರ್‌ನಲ್ಲಿ, ಬೇರೆ ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳಿಗೆ ತೆರಿಗೆಯ ಮೂಲ ದರವನ್ನು ಶೇ. 22ಕ್ಕೆ ಇಳಿಸಲಾಯಿತು. ಪಗಾರದವನ ತೆರಿಗೆ ಕೈಗೆ ದುಡ್ಡು ಬರುವ ಮೊದಲೇ ಕಡಿತವಾಗುತ್ತದೆ, ಅವನಿಗೆ ಮುಚ್ಚಿಡಲು ದಾರಿಯಿಲ್ಲ. ಇಷ್ಟು ಕಟ್ಟಿಯೂ ಮಕ್ಕಳನ್ನು ಖಾಸಗಿ ಶಾಲೆಗೆ ಕಳಿಸಬೇಕು, ಕಾಯಿಲೆ ಬಂದರೆ ಖಾಸಗಿ ಆಸ್ಪತ್ರೆಗೇ ಹೋಗಬೇಕು ಎಂದರೆ ಸಂಕಟವಾಗುವುದು ಸಹಜ. ಆದರೆ ಆ ಪ್ರಶ್ನೆಯನ್ನು ಕಂಪನಿಗಳಿಗೆ ರಿಯಾಯಿತಿ ಕೊಟ್ಟವರಿಗೆ, ಸರಕಾರಿ ಶಾಲೆ ಆಸ್ಪತ್ರೆಗಳನ್ನು ಸೊರಗಲು ಬಿಟ್ಟವರಿಗೆ ಕೇಳಬೇಕು. ಎರಡು ಸಾವಿರ ರೂಪಾಯಿ ಪಡೆಯುವ ಆ ಮನೆಯೊಡತಿಗೆ ಅಲ್ಲ.

ಕೊನೆಯದಾಗಿ ಸಮೀಕ್ಷೆ. 2026ರಲ್ಲಿ ರಾಷ್ಟ್ರೀಯ ಮನೆ ಆದಾಯ ಸಮೀಕ್ಷೆ ನಡೆಸುವುದಾಗಿ ಕೇಂದ್ರದ ಅಂಕಿಅಂಶ ಸಚಿವಾಲಯ ಹೇಳಿದೆ. ಅದಕ್ಕೂ ಮೊದಲು ಪ್ರಶ್ನೆಗಳನ್ನು ಪರೀಕ್ಷಿಸಿ ನೋಡಿದಾಗ ಶೇ. 95ರಷ್ಟು ಮಂದಿ ಇವು ಸೂಕ್ಷ್ಮ ವಿಷಯ ಎಂದರು. ಆದಾಯ ತೆರಿಗೆಯ ಪ್ರಶ್ನೆಗೆ ಬಹಳಷ್ಟು ಜನ ಉತ್ತರವನ್ನೇ ಕೊಡಲಿಲ್ಲ. ಸಮೀಕ್ಷೆಗೆ ಕೊಟ್ಟ ಮಾಹಿತಿಯನ್ನು ಅಂಕಿಅಂಶಕ್ಕಲ್ಲದೆ ಬೇರೆ ಕೆಲಸಕ್ಕೆ ಬಳಸದಂತೆ 2008ರ ಅಂಕಿಅಂಶ ಸಂಗ್ರಹಣಾ ಕಾಯ್ದೆಯಲ್ಲಿ ರಕ್ಷಣೆ ಇದೆ. ಇದು ಮಾದರಿ ಸಮೀಕ್ಷೆ, ನಿಮ್ಮ ಓಣಿಗೆ ಬರದೆಯೂ ಹೋಗಬಹುದು. ಬಂದರೆ ಕೂರಿಸಿ, ಪಗಾರ ಎಷ್ಟು, ಠೇವಣಿಯ ಬಡ್ಡಿ ಎಷ್ಟು, ಊರಲ್ಲಿ ಹೊಲವಿದ್ದರೆ ಅದರಿಂದ ಏನು ಬರುತ್ತದೆ ಎಲ್ಲವನ್ನೂ ಇದ್ದಂತೆ ಹೇಳಿ. ಸಾಲದ ಕಂತಿನ ಪ್ರಶ್ನೆ ಬಂದರೆ ಅದನ್ನೂ ಬರೆಸಿ.

— ಸಂಪಾದಕ